ಪಟ್ಟಿ ಬೇಡ ಮೇಷ್ಟ್ರೇ, ಪಟ್ಟೆ ನೋಡೋಣ

ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಜಗತ್ತಿನ ಮುಖ್ಯ ಧರ್ಮಗಳ ಬಗ್ಗೆ ಒಂದು ಪುಟದ ಪಟ್ಟಿ ಹಾಕಿ. ಸ್ಥಾಪಕ, ಗ್ರಂಥ, ದೇವರು, ಪೂಜಾಸ್ಥಳ, ಸತ್ತ ಮೇಲೆ ಏನು, ಹೀಗೆ ಐದು ಕಾಲಂ ಸಾಕು. ಮಾದರಿ ಜೊತೆಗಿದೆ. ಎಲ್ಲ ಧರ್ಮಗಳ ಸಾರ ಒಂದೇ ಎಂದು ಮಕ್ಕಳಿಗೆ ಗೊತ್ತಾಗಲಿ. ಪರೀಕ್ಷೆಗೂ ಉಪಯೋಗ.”

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿದರೇ ಸಂತೋಷ. ಸ್ಕೇಲ್ ಇಟ್ಟು ಗೆರೆ ಎಳೆದಿದ್ದೀರಿ. ಪರೀಕ್ಷೆ ಬರೆಯುವ ಮಕ್ಕಳಿಗೆ ಇಂಥ ಪಟ್ಟಿ ಬೇಕು, ಒಪ್ಪಿದೆ. ಆದರೆ ಹಾಕುವುದಿಲ್ಲ.

ಒಮ್ಮೆ ಹಾಕಿ ಪೆಟ್ಟು ತಿಂದಿದ್ದೇವೆ. ಜೈನ ಧರ್ಮದ ಮುಂದೆ ‘ಸ್ಥಾಪಕ: ಮಹಾವೀರ’ ಅಂತ ಅಚ್ಚಾಯಿತು. ಮರುವಾರವೇ ಒಬ್ಬ ಜೈನ ಓದುಗರು ಕಚೇರಿಗೆ ಬಂದರು. “ಸ್ವಾಮಿ, ಮಹಾವೀರರು 24ನೆಯವರು. ಮೊದಲ ತೀರ್ಥಂಕರ ಋಷಭದೇವರು. ಮಿಕ್ಕ 23 ಜನ ಏನು ಮಾಡುತ್ತಿದ್ದರು?” ಎಂದರು. ಉತ್ತರ ಇರಲಿಲ್ಲ. ಕಾಫಿ ಕೊಟ್ಟು ಕಳಿಸಿದೆವು. ಆಮೇಲೆ ಯೋಚಿಸಿದರೆ ಎಲ್ಲ ಕಡೆಯೂ ಇದೇ ತಕರಾರು. ಮುಸಲ್ಮಾನರನ್ನು ಕೇಳಿ, ಮೊದಲ ಪ್ರವಾದಿ ಆದಂ ಅನ್ನುತ್ತಾರೆ. ಹಿಂದೂಗಳ ಸಾಲಿನಲ್ಲಿ ಆ ಕಾಲಂ ಖಾಲಿ. ಬೌದ್ಧರ ಸಾಲಿನಲ್ಲಿ ‘ದೇವರು’ ಅನ್ನುವ ಕಡೆ ಏನು ಬರೆಯುತ್ತೀರಿ? ನೀವು ಪೆನ್ಸಿಲ್ಲಿನಲ್ಲಿ ‘ಬುದ್ಧ’ ಎಂದು ಬರೆದು ಅಳಿಸಿದ್ದು ಕಾಣುತ್ತದೆ. ಅಳಿಸಿದ್ದಕ್ಕೆ ನಿಮ್ಮ ಮೇಲೆ ಗೌರವ ಜಾಸ್ತಿಯಾಯಿತು.

ಧರ್ಮಗಳನ್ನು ಹೋಲಿಸಬೇಕು ಅಂದರೆ ಯಾವುದಾದರೂ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ‘ಇದಕ್ಕೆ ನೀವೇನಂತೀರಿ?’ ಎಂದು ಒಬ್ಬೊಬ್ಬರ ಮನೆ ಬಾಗಿಲು ತಟ್ಟಬೇಕು ಅನ್ನುವುದು ನನ್ನ ಹಳೇ ಹಟ. ನಾನು ಶಿಡ್ಲಘಟ್ಟದವನು. ನಮ್ಮ ಕೈಯಲ್ಲಿರುವುದು ರೇಷ್ಮೆ ಗೂಡು.

ನಮ್ಮ ಅಜ್ಜಿಗೆ ಎರಡು ಎಕರೆ ಹಿಪ್ಪುನೇರಳೆ ತೋಟವಿತ್ತು. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದರು. ಏಕಾದಶಿ ತಪ್ಪಿಸಿದವರಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುವವರು. ಪೂಜೆಗೆ ಮಾತ್ರ ಪಟ್ಟೆಸೀರೆಯೇ, ಅಂದರೆ ರೇಷ್ಮೆಯದೇ, ಆಗಬೇಕು. ಹತ್ತಿಯಾದರೆ ಅವತ್ತೇ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ಪಟ್ಟೆಗೆ ಅಷ್ಟು ಕಟ್ಟುಪಾಡಿಲ್ಲ. ಅದು ಮಡಿ. ಬಿಸಿನೀರಿಗೆ ಬಿದ್ದ ಗೂಡಿನೊಳಗೆ ಹುಳು ಇರುತ್ತದೆ ಅನ್ನುವುದು ಶಿಡ್ಲಘಟ್ಟದ ಮಕ್ಕಳಿಗೆ ಅ ಆ ಇ ಈ ಕಲಿಯುವ ಮೊದಲೇ ಗೊತ್ತು. ಒಂದು ದಿನ ಕೇಳಿಯೇ ಬಿಟ್ಟೆ, “ಅಜ್ಜಿ, ಹುಳು ಸಾಯಲ್ವಾ?”

“ಸಾಯೋದು ಅವರ ಒಲೆ ಮೇಲೆ ಕಣೋ” ಎಂದರು.

‘ಅವರು’ ಅಂದರೆ ನೂಲು ಬಿಚ್ಚುವವರು. ನಮ್ಮೂರಿನಲ್ಲಿ ಹೆಚ್ಚಿನವರು ಮುಸಲ್ಮಾನರು. ಅಂಥ ಒಬ್ಬ ಸಾಹೇಬರ ಮನೆಗೆ ಎಷ್ಟೋ ವರ್ಷದ ಮೇಲೆ ಹೋಗಿ ಅಜ್ಜಿಯ ಮಾತು ಹೇಳಿದೆ. ನಕ್ಕುಬಿಟ್ಟರು. “ನಾವು ನೂಲು ತೆಗೀತೀವಿ, ನೀವು ಉಡ್ತೀರ. ನಮ್ಮ ಗಂಡಸರು ಉಡೋ ಹಾಗೇ ಇಲ್ಲ” ಎಂದರು. ನಿಜ. ಇಸ್ಲಾಮಿನಲ್ಲಿ ಚಿನ್ನ ಮತ್ತು ರೇಷ್ಮೆ ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಸಲ್ಲುತ್ತದೆ. ಗಮನಿಸಿ ಮೇಷ್ಟ್ರೇ, ನಿಷೇಧ ಹುಳುವಿನ ದೆಸೆಯಿಂದಲ್ಲ. ಗಂಡಸಿಗೆ ಆ ಬೆಡಗು ಬೇಡ ಅಂತ. ಮೈ ತುರಿಕೆಯಿದ್ದ ಇಬ್ಬರು ಗಂಡಸು ಅನುಯಾಯಿಗಳಿಗೆ ಪ್ರವಾದಿಗಳೇ ರೇಷ್ಮೆ ಉಡಲು ಬಿಟ್ಟರೆಂದು ಹದೀಸ್, ಅಂದರೆ ಪ್ರವಾದಿಗಳ ನಡೆನುಡಿಯ ದಾಖಲೆ, ಹೇಳುತ್ತದೆ. ಇನ್ನು ಕುರಾನಿನ ಸ್ವರ್ಗದಲ್ಲಿ ಎಲ್ಲರ ಬಟ್ಟೆಯೂ ರೇಷ್ಮೆ! ಅಲ್ಲಿಯವರೆಗೆ ಕಾಯದವರು ಒಂದು ಉಪಾಯ ಮಾಡಿದರು. ಮೇಲೆ ರೇಷ್ಮೆ, ಮೈಗೆ ತಾಗುವ ಕಡೆ ಹತ್ತಿ ಬರುವ ಹಾಗೆ ನೇಯ್ದರು. ಗುಜರಾತಿನಲ್ಲಿ ಇವತ್ತೂ ನೇಯುತ್ತಾರೆ. ಹೆಸರು ಮಶ್ರೂ. ಅರಬ್ಬಿಯಲ್ಲಿ ‘ಧರ್ಮಕ್ಕೆ ಒಪ್ಪಿದ್ದು’ ಎಂದರ್ಥ.

ಹುಳುವಿಗಾಗಿ ಮರುಗಿದವರು ಬೇರೆ. ಜೈನರಲ್ಲಿ ಎಷ್ಟೋ ಜನ ರೇಷ್ಮೆ ಮುಟ್ಟುವುದಿಲ್ಲ, ಆದರೂ ಜೈನರ ಮದುವೆಗಳಲ್ಲಿ ರೇಷ್ಮೆ ಸೀರೆ ಕಂಡಿದ್ದೇನೆ. ದಿಗಂಬರ ಮುನಿಗಳಿಗೆ ಈ ತಲೆನೋವೇ ಇಲ್ಲ ಬಿಡಿ. ನಮ್ಮ ಮಡಿಯವರ ನಡುವೆಯೇ ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿ ಸ್ವಾಮಿಗಳು ರೇಷ್ಮೆ ಬಿಡಿ ಎಂದು ಹೇಳಿದರು. ಆ ಮಾತು ನಮ್ಮಜ್ಜಿಯ ತನಕ ಬರಲಿಲ್ಲ. ಬಂದಿದ್ದರೂ ಕಿವಿ ಕೇಳಿಸುತ್ತಿರಲಿಲ್ಲ.

ಬೌದ್ಧ ಭಿಕ್ಷುಗಳ ನಿಯಮಗ್ರಂಥ ‘ವಿನಯ’ದಲ್ಲಿರುವ ಕತೆಯನ್ನಂತೂ ನಮ್ಮೂರಿನವರೇ ಬರೆದಂತಿದೆ. ಕೆಲವು ಭಿಕ್ಷುಗಳು ರೇಷ್ಮೆ ಮಾಡುವವರ ಹತ್ತಿರ ಹೋಗಿ, ನಮಗೂ ಹಾಸಿಗೆ ಬೇಕು, ಒಂದಷ್ಟು ಗೂಡು ಬೇಯಿಸಿ ಕೊಡಿ ಅನ್ನುತ್ತಾರೆ. ಅವರಿಗೆ ಸಿಟ್ಟು ಬರುತ್ತದೆ. ಹೆಂಡತಿ ಮಕ್ಕಳ ಹೊಟ್ಟೆಗಾಗಿ ಇಷ್ಟು ಜೀವ ತೆಗೆಯುತ್ತೇವಲ್ಲ, ನಮ್ಮ ಗ್ರಹಚಾರ, ನಿಮಗೇನಾಗಿದೆ ಎಂದು ಗೊಣಗುತ್ತಾರೆ. ಬುದ್ಧನ ತನಕ ದೂರು ಹೋಗಿ, ರೇಷ್ಮೆ ಬೆರೆಸಿದ ಹಾಸು ಬೇಡ ಎಂದು ನಿಯಮವಾಗುತ್ತದೆ. ಚೀವರಕ್ಕೆ, ಅಂದರೆ ಭಿಕ್ಷುಗಳು ಉಡುವ ವಸ್ತ್ರಕ್ಕೆ, ಮಾತ್ರ ರೇಷ್ಮೆ ಬಟ್ಟೆ ಸಲ್ಲುತ್ತದೆ. ಜಗಳಕ್ಕೆ ಈ ಸಂದೇ ಸಾಕಾಯಿತು. ಏಳನೇ ಶತಮಾನದ ಚೀನಾದಲ್ಲಿ ದಾವೊಶುವಾನ್ ಎಂಬ ಭಿಕ್ಷು ರೇಷ್ಮೆ ಕೂಡದೇ ಕೂಡದು ಎಂದರು. ನಾಲಂದಾದಲ್ಲಿ ಓದಿ ಹೋದ ಇನ್ನೊಬ್ಬ ಚೀನೀ ಭಿಕ್ಷು ಇತ್ಸಿಂಗ್, ಬುದ್ಧನೇ ಒಪ್ಪಿದ್ದನ್ನು ನೀವ್ಯಾಕೆ ತಡೆಯುತ್ತೀರಿ ಎಂದರು. ಒಂದೇ ಧರ್ಮ, ಒಂದೇ ಶತಮಾನ, ಒಂದೇ ಹುಳು. ನಿಮ್ಮ ಕಾಲಂನಲ್ಲಿ ಇದನ್ನು ಎಲ್ಲಿ ತುಂಬುತ್ತೀರಿ?

ಯಹೂದಿಗಳ ಶಾಸ್ತ್ರಕ್ಕೆ ರೇಷ್ಮೆಯ ಮೇಲೆ ಜಗಳವಿಲ್ಲ. ಉಣ್ಣೆಗೆ ನಾರಗಸೆಯ ನೂಲು (ಲಿನನ್) ಬೆರೆಸಿದ ಬಟ್ಟೆ ಕೂಡದು, ಅಷ್ಟೇ. ಕ್ರೈಸ್ತರ ಕಡೆ 552ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನ ಜಸ್ಟಿನಿಯನ್ ದೊರೆಗೆ ಹುಳುವಿನ ಮೊಟ್ಟೆ ತಂದುಕೊಟ್ಟವರು ಸನ್ಯಾಸಿಗಳು. ಕೋಲಿನೊಳಗೆ ಅಡಗಿಸಿ ತಂದರೆಂದೂ ಕತೆಯಿದೆ. ಪಾದ್ರಿಗಳ ನಿಲುವಂಗಿಗೆ ರೇಷ್ಮೆ ಒಗ್ಗಿಯೇ ಹೋಯಿತು.

ಈಗ ಹೇಳಿ, ಸಾರ ಒಂದೇನಾ? ಯಾರನ್ನೂ ನೋಯಿಸಬಾರದು ಅಂತ ನೀವು ಹಾಗೆ ಬರೆದಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು. ಆದರೆ ‘ಎಲ್ಲ ಒಂದೇ’ ಅಂದುಬಿಟ್ಟರೆ ಪಕ್ಕದ ಮನೆಯಲ್ಲಿ ಏನಿದೆ ಅಂತ ಕೇಳುವ ತೊಂದರೆಯೇ ಇಲ್ಲ, ಅಲ್ವಾ? ಶಾಲೆಯ ವಾರ್ಷಿಕೋತ್ಸವದಲ್ಲಿ ಟೋಪಿ ಹಾಕಿದ ಹುಡುಗ, ಶಿಲುಬೆ ಹಾಕಿದ ಹುಡುಗಿ, ನಾಮ ಇಟ್ಟ ಹುಡುಗ ಕೈ ಕೈ ಹಿಡಿದು ನಿಲ್ಲುತ್ತಾರೆ. ಚಪ್ಪಾಳೆ. ಆ ನಾಮದ ಹುಡುಗ ಟೋಪಿ ಹುಡುಗನ ಅಡುಗೆ ಮನೆ ನೋಡಿದ್ದಾನಾ? ನಮ್ಮ ಕಾಲದಲ್ಲಿ ಗೂಡು ಕೊಡಲು, ಬಾಕಿ ಕೇಳಲು, ಬೈದಾಡಲು ಅಂತಾದರೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದೆವು. ಈಗ ದುಡ್ಡು ಸುಮ್ನೆ ಮೊಬೈಲಿಗೆ ಬೀಳುತ್ತದೆ. ಧರ್ಮದ ವಿಷಯ ಗೈಡಿನಲ್ಲಿ ನಾಲ್ಕು ಆಯ್ಕೆಯಾಗಿ ಬರುತ್ತದೆ, ಸರಿ ಉತ್ತರ ‘ಸಿ’. ಇದಕ್ಕೆ ನಿಮ್ಮಂಥ ಮೇಷ್ಟ್ರುಗಳನ್ನೇ ಬೈಯಬೇಕು ಅನ್ನಿಸಿತ್ತು. ಪತ್ರದ ಕೊನೆಯಲ್ಲಿ ಮೊಣಕಾಲು ನೋವಿನ ಬಗ್ಗೆ ಬರೆದಿದ್ದೀರಿ, ಅದಕ್ಕೆ ಬಿಟ್ಟಿದ್ದೇನೆ.

ಪಟ್ಟಿ ನನ್ನ ಮೇಜಿನ ಮೇಲಿದೆ. ನೀವೇ ಬಂದು ತೆಗೆದುಕೊಂಡು ಹೋಗಿ. ಚಿಂತಾಮಣಿಯಿಂದ ಬಸ್ಸಿದೆ. ಬೆಳಿಗ್ಗೆಯೇ ಬಂದರೆ ಗೂಡಿನ ಮಾರ್ಕೆಟ್ಟು ನೋಡಿಕೊಂಡು ಸಾಹೇಬರ ಮನೆಗೆ ಹೋಗೋಣ. ಮೂಗಿಗೆ ಒಂದು ಕರ್ಚೀಫ್ ಇರಲಿ, ಬೆಂದ ಗೂಡಿನ ವಾಸನೆ ಹೊಸಬರಿಗೆ ಕಷ್ಟ. ನಮ್ಮಜ್ಜಿ ಆ ಕಡೆ ತಲೆಯೇ ಹಾಕಲಿಲ್ಲ.