ಅಮೆರಿಕದ ಚಾರ್ಜರ್ ಚಿಕ್ಕಬಳ್ಳಾಪುರದ ಮನೆ ಸಾಕೆಟ್ಟಿಗೆ ಕೂರುತ್ತಾ?

ಅಮೆರಿಕದಿಂದ ರಜೆಗೆ ಬರುವ ಅಕ್ಕನಿಗೆ ಏನು ತರಲು ಹೇಳಲಿ ಅಂತ ಕೇಳಿದ್ದೀರಿ. ಅವರ ಪ್ಲಗ್ಗು ನೇರವಾಗಿ ಕೂರುವುದಿಲ್ಲ. ಅಲ್ಲಿನದು ಎ ಅಥವಾ ಬಿ ಮಾದರಿ, ಚಪ್ಪಟೆ ಕಡ್ಡಿ. ನಮ್ಮಲ್ಲಿ ಜಾಸ್ತಿ ಇರುವುದು ಡಿ ಮಾದರಿ: ಮೂರು ದುಂಡು ಕಡ್ಡಿ, ಮೇಲಿನದು ದಪ್ಪ. ಗೀಸರ್‌ಗೆ ಹಾಕುವ ದೊಡ್ಡ 16 ಆಂಪಿಯರ್ ಪ್ಲಗ್ಗು ಎಂ ಮಾದರಿ, ಅದು ಅವರಿಗೆ ಬೇಕಾಗುವುದಿಲ್ಲ. ಒಂದು ಡಿ ಅಡಾಪ್ಟರ್ ಸಾಕು.

ಆಕಾರಕ್ಕಿಂತ ಮುಖ್ಯವಾದದ್ದು ವೋಲ್ಟೇಜ್. ಅಲ್ಲಿ 120, ಇಲ್ಲಿ 230. ಅಡಾಪ್ಟರ್ ಸುಮ್ನೆ ಕಡ್ಡಿಯ ಆಕಾರ ಬದಲಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 'ಇನ್‌ಪುಟ್ 100–240 ವೋಲ್ಟ್' ಅಂತ ಇದ್ದರೆ ಧೈರ್ಯವಾಗಿ ಹಾಕಬಹುದು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಬರೀ 120 ಅಂತಿದ್ದರೆ ದಯವಿಟ್ಟು ಅಲ್ಲೇ ಬಿಟ್ಟು ಬರಲಿ. ನಮ್ಮ ಮನೆಗೆ ಬಂದಿದ್ದ ನೆಂಟರ ಹುಡುಗಿ ಅಂಥದ್ದೇ ಹೇರ್ ಡ್ರೈಯರ್ ಹಾಕಿದಳು. ಒಳಗಿನ ತಂತಿ ಕೆಂಪಗೆ ಕಾದು, ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆಯೆಲ್ಲಾ ತುಂಬಿತು. ಓಡಿ ಹೋಗಿ ಸ್ವಿಚ್ ಆರಿಸಿದೆ. ಕೂದಲು ಒಣಗಿಸುವುದಕ್ಕೆ ಇಲ್ಲೇ ಒಂದು ಕೊಂಡರಾಯಿತು, ಅಲ್ವಾ?

ಯುರೋಪಿನ ಸಿ ಪ್ಲಗ್ಗು, ಅಂದರೆ ಎರಡು ದುಂಡು ಕಡ್ಡಿಯದು, ನಮ್ಮ ಐದು ತೂತಿನ ಸಾಕೆಟ್ಟಿಗೆ ಹೋಗುತ್ತದೆ, ಆದರೆ ಎಷ್ಟೋ ಸಲ ಸಡಿಲ. ಅಲುಗಾಡಿ ಕಿಡಿ ಬರಬಹುದು, ಅಡಾಪ್ಟರ್ ಹಾಕುವುದೇ ಒಳ್ಳೆಯದು.

ಇನ್ನೊಂದು ಮಾತು. ಅಮೆರಿಕದ ಸಾಕೆಟ್ಟಿಗೆ ಸಾಮಾನ್ಯವಾಗಿ ಪಕ್ಕದಲ್ಲಿ ಸ್ವಿಚ್ ಇರುವುದಿಲ್ಲ. ಅಕ್ಕನ ಜೊತೆ ಮಕ್ಕಳು ಬಂದರೆ, ಇಲ್ಲಿ ರಾತ್ರಿ ಫೋನ್ ಸಿಕ್ಕಿಸಿ ಮಲಗುವಾಗ ಸ್ವಿಚ್ ಕೆಳಗೆ ಒತ್ತಬೇಕು ಅಂತ ಮೊದಲ ದಿನವೇ ತೋರಿಸಿಕೊಡಿ.