ಬೆಲ್ಲ ಅಂಟಂಟಾಗೋಕೆ ಸುಣ್ಣ ಕಾರಣ ಅಲ್ಲ, ಕಬ್ಬು

ಕಡಿದು ಮೂರು ದಿನ ಬಿದ್ದಿದ್ದ ಕಬ್ಬು ಅರೆದಿದ್ದೀವಿ, ಬೆಲ್ಲ ಅಚ್ಚಲ್ಲಿ ಗಟ್ಟಿಯಾಗ್ತಿಲ್ಲ, ಸುಣ್ಣ ಜಾಸ್ತಿ ಹಾಕಿದ್ರೆ ಕಪ್ಪಾಗ್ತಿದೆ ಅಂತ ಕೇಳಿದ್ದೀರಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಆ ಮೂರು ದಿನ.

ಕಡಿದಿಟ್ಟ ಕಬ್ಬಿನಲ್ಲಿ ಸುಕ್ರೋಸ್ (ಹರಳುಗಟ್ಟೋ ಸಕ್ಕರೆ) ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಇವು ಹರಳುಗಟ್ಟೋದೂ ಕಷ್ಟ, ಗಾಳಿಯ ತೇವ ಎಳೆಯೋದೂ ಜಾಸ್ತಿ. ಒಡೆದದ್ದನ್ನು ಸುಣ್ಣ ಮತ್ತೆ ಕೂಡಿಸಲ್ಲ. ಹೆಚ್ಚು ಹಾಕಿದರೆ ಅದೇ ಗ್ಲೂಕೋಸ್ ಕ್ಷಾರದಲ್ಲಿ ಬೆಂದು ಬಣ್ಣ ಕೆಡಿಸುತ್ತೆ. ನೀವು ನೋಡ್ತಿರೋ ಕಪ್ಪು ಅದೇ.

ಸುಣ್ಣವನ್ನು ಅಂದಾಜಿಗೆ ಸುರಿಯಬೇಡಿ. ತಾಜಾ ರಸದ ಪಿಎಚ್ (ಹುಳಿ ಅಳೆಯೋ ಅಂಕಿ, ಹುಳಿ ಹೆಚ್ಚಿದ್ದಷ್ಟೂ ಕಮ್ಮಿ) ಸುಮಾರು 5.2ರಿಂದ 5.4 ಇರುತ್ತೆ. ಸೋಸಿದ ಸುಣ್ಣದ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಕಲಕಿ, ಪಿಎಚ್ ಪಟ್ಟಿ ಅದ್ದಿ ನೋಡಿ; 6.2–6.4ಕ್ಕೆ ಬಂದರೆ ನಿಲ್ಲಿಸಿ. ಪಟ್ಟಿಗೆ ಆಗೋ ಖರ್ಚು ಒಂದು ಕೊಪ್ಪರಿಗೆ ಕೆಡೋದಕ್ಕಿಂತ ಕಮ್ಮಿ. ಕೊಳೆ ತೆಗೆಯೋಕೆ ಬೆಂಡೆ ಗಿಡದ ಲೋಳೆ ಸಾಕು, ಕುದಿ ಬರೋ ಮುಂಚೆಯೇ ಹಾಕಿ, ಮೇಲೆ ಬಂದ ಕಲ್ಮಷ ಪೂರ್ತಿ ತೆಗೆಯಿರಿ.

ಅಚ್ಚು ಬೆಲ್ಲಕ್ಕೆ ಪಾಕ 116–118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಲೆಯಿಂದ ಇಳಿಸಿ. ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಗಟ್ಟಿ ಉಂಡೆ ಆಗಬೇಕು. ಮೆತ್ತಗಿದ್ದರೆ ಇನ್ನೂ ಬಂದಿಲ್ಲ.

ಹೈಡ್ರೋಸ್ (ಬಣ್ಣ ತಿಳಿ ಮಾಡೋ ರಾಸಾಯನಿಕ, ಸೋಡಿಯಂ ಹೈಡ್ರೋಸಲ್ಫೈಟ್) ಹಾಕಿದರೆ ಬಣ್ಣ ತಿಳಿಯಾಗುತ್ತೆ, ಗಟ್ಟಿಯಂತೂ ಆಗಲ್ಲ; ಇಟ್ಟಷ್ಟೂ ದಿನ ಬಣ್ಣ ಮತ್ತೆ ಮಂಕಾಗುತ್ತೆ.

ಈಗ ಉಳಿದಿರೋ ಹಳೇ ಕಬ್ಬನ್ನು ಅಚ್ಚಿಗೆ ಹಾಕೋ ಬದಲು ಜೋನಿ ಬೆಲ್ಲ (ದ್ರವ ಬೆಲ್ಲ) ಮಾಡಿ, ಸುಮಾರು 106 ಡಿಗ್ರಿಗೆ ಬಂದಾಗಲೇ ಒಲೆಯಿಂದ ಇಳಿಸಿಬಿಡಿ. ಮುಂದಿನ ಸಲ ಗಾಣಕ್ಕೆ ಒಂದು ದಿನಕ್ಕೆ ಬೇಕಾದಷ್ಟೇ ಕಡಿಸಿ.