ಬರಹ ಮೊದಲು, ಬಂಗಾರ ಆಮೇಲೆ

ಪ್ರಶ್ನೆ: ಮೇಡಂ, ಯುರೋಪಿನ ಹಳೇ ಕೈಬರಹದ ಪುಸ್ತಕಗಳಲ್ಲಿ ಪುಟದ ಮೊದಲ ಅಕ್ಷರಕ್ಕೆ ಬಳ್ಳಿ, ಹಕ್ಕಿ, ಚಿನ್ನ ಎಲ್ಲ ಇರುತ್ತದಲ್ಲ, ಅದನ್ನು ಆರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ನನ್ನದು ಯಾಕೋ ಮದುವೆ ಕಾರ್ಡಿನಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಚಿನ್ನವೂ ಮಂಕು. ಒಂದು ಪುಟದ ಫೋಟೊ ಕಳಿಸಿದ್ದೇನೆ.
— ಓದುಗರು, ಶಿವಮೊಗ್ಗ

ಉತ್ತರ: ಫೋಟೊ ನೋಡಿದೆ. ನಿಮ್ಮ ಗೆರೆ ಚೆನ್ನಾಗಿದೆ. ಆದರೆ ನೀವು ದೊಡ್ಡ ಅಕ್ಷರವನ್ನು ಪೂರ್ತಿ ಮುಗಿಸಿ, ಆಮೇಲೆ ಪಕ್ಕದಲ್ಲಿ ಸಾಲು ಬರೆದಿದ್ದೀರಿ, ಅಲ್ವಾ? ಸಾಲುಗಳು ಕೊನೆಗೆ ಒತ್ತಿಕೊಂಡಿರುವುದರಿಂದ ಗೊತ್ತಾಗುತ್ತದೆ. ಆ ಕಾಲದವರು ಮಾಡುತ್ತಿದ್ದುದು ಇದರ ಉಲ್ಟಾ. ಗೆರೆ ಎಳೆದು ಇಡೀ ಪುಟ ಬರೆದು, ದೊಡ್ಡ ಅಕ್ಷರಕ್ಕೆ ಎರಡೋ ನಾಲ್ಕೋ ಸಾಲಿನ ಜಾಗ ಖಾಲಿ ಬಿಡುತ್ತಿದ್ದರು. ಎಷ್ಟೋ ಸಲ ಬರೆಯುವವರು ಒಬ್ಬರು, ಅಲಂಕಾರ ಮಾಡುವವರು ಇನ್ನೊಬ್ಬರು. ಹಾಗಾಗಿ ಯಾವ ಅಕ್ಷರ ಬರಬೇಕು ಅಂತ ಆ ಜಾಗದಲ್ಲಿ ಪುಟ್ಟದಾಗಿ ಗುರುತು ಹಾಕಿಡುತ್ತಿದ್ದರು. ಅಲಂಕಾರ ಆಗದೇ ಉಳಿದ ಪುಟಗಳೂ ಇವೆ. ಖಾಲಿ ಜಾಗದ ನಡುವೆ ಆ ಪುಟ್ಟ ಅಕ್ಷರ ಇನ್ನೂ ಹಾಗೇ ಕೂತಿದೆ, ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಒಂದು ವಾರ ಬಳ್ಳಿ ಬೇಡ. ಸುಮ್ನೆ ಕೆಂಪು ಅಕ್ಷರ ಬರೆಯಿರಿ. ಅಕ್ಷರದ ತಲೆ ಮೊದಲ ಸಾಲಿನ ತಲೆಗೆ, ಬುಡ ಕೊನೆಯ ಸಾಲಿನ ಬುಡಕ್ಕೆ ಸರಿ ಕೂರಲಿ. ಸಣ್ಣ ನಿಬ್ಬಿನಲ್ಲಿ ಅಕ್ಕಪಕ್ಕ ಎರಡು ಗೆರೆ ಎಳೆದು ನಡುವೆ ಬಣ್ಣ ತುಂಬಿ, ಅಕ್ಷರದ ನೆಟ್ಟಗಿನ ಕಂಬ ನಡುವಿನಲ್ಲಿ ಒಂದು ಕೂದಲೆಳೆಯಷ್ಟು ಮಾತ್ರ ಸಪೂರವಾಗಲಿ. ಆಮೇಲೆ ಸುತ್ತ ಕೆಂಪು ಚುಕ್ಕಿ ಇಡಿ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪದಲ್ಲಿ ಕ್ರಿ.ಶ. 700ರ ಆಸುಪಾಸಿನಲ್ಲಿ ಬರೆದ ಬೈಬಲಿನ ಸುವಾರ್ತೆಗಳ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಒಂದೇ ಪುಟದಲ್ಲಿ ಇಂಥ ಚುಕ್ಕಿ 10,000ಕ್ಕೂ ಜಾಸ್ತಿ! ರಂಗೋಲಿ ಇಟ್ಟ ಕೈಗೆ ಇದು ಬೇಗ ಒಲಿಯುತ್ತದೆ.

ಇನ್ನು ಚಿನ್ನ. ಡಬ್ಬಿಯಲ್ಲಿ ಸಿಗುವ ಚಿನ್ನದ ಬಣ್ಣ ಪುಡಿ ಕಲಸಿದ್ದು, ಅದು ಹೊಳೆಯುವುದು ಅಷ್ಟೇ. ಹಳೇ ಪುಟಗಳ ಹೊಳಪು ಬರುವುದು ಚಿನ್ನದ ರೇಕಿನಿಂದ. ಮೈಸೂರು ಶೈಲಿಯ ಚಿತ್ರದಲ್ಲಿ ಮಕ್ಕಿ ಸಫೇದದ (ಹಳದಿ ಮರದಂಟು, ಬಿಳಿ ಪುಡಿ ಕಲಸಿದ) ಲೇಪ ಉಬ್ಬಿಸಿ ಮೇಲೆ ರೇಕು ಕೂರಿಸುತ್ತಾರಲ್ಲ, ಹಾಗೇ ಅವರೂ ಜಿಪ್ಸಂ, ಅಂಟು, ಸಕ್ಕರೆ ಅಥವಾ ಜೇನು ಸೇರಿಸಿದ ಲೇಪ ಹಚ್ಚುತ್ತಿದ್ದರು. ನೀವು ಪಿವಿಎ ಅಂಟಿಗೆ (ಫೆವಿಕಾಲ್ ಥರದ ಬಿಳಿ ಅಂಟು) ಅಷ್ಟೇ ನೀರು ಬೆರೆಸಿ ಎರಡು ಮೂರು ಪದರ ಹಚ್ಚಿ. ಒಣಗಿದ ಮೇಲೆ ಕಾಗದದ ಕೊಳವೆಯಿಂದ ಹಾ ಅಂತ ಬಿಸಿ ಉಸಿರು ಬಿಡಿ. ಊದಬೇಡಿ. ಲೇಪ ಕೊಂಚ ಅಂಟಂಟಾದ ತಕ್ಷಣ ರೇಕು ಇಟ್ಟು, ಬಟರ್ ಪೇಪರ್ ಮೇಲಿಂದ ಒತ್ತಿ. ನಾನು ಇದನ್ನು ಮಳೆಗಾಲದ ಬೆಳಿಗ್ಗೆಯೇ ಮಾಡುವುದು, ಗಾಳಿಯಲ್ಲಿ ತೇವ ಇದ್ದರೆ ರೇಕು ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಹಚ್ಚುವುದು ಇದಾದ ಮೇಲೆ. ಮೊದಲೇ ಹಚ್ಚಿದರೆ ರೇಕು ಬಣ್ಣಕ್ಕೂ ಮೆತ್ತಿಕೊಳ್ಳುತ್ತದೆ.

ಪ್ರಶ್ನೆ: ನಿಬ್ಬಿನಿಂದ ಶಾಯಿ ದಬಕ್ಕಂತ ಇಳಿದು ಹರಡುತ್ತದೆ. ಆ ಹಳೇ ಪುಸ್ತಕಗಳ ಹಾಗೆ ಚರ್ಮದ ಹಾಳೆಯೇ ಬೇಕಾ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. ಕರುವಿನ ಚರ್ಮದ ಹಾಳೆ ತುಂಬಾ ದುಬಾರಿ. ನುಣುಪಾದ ಹಾಟ್ ಪ್ರೆಸ್ ವಾಟರ್ ಕಲರ್ ಕಾಗದ ಸಾಕು. ಹಲಗೆಯನ್ನು ಓರೆಯಾಗಿ ಎತ್ತರಿಸಿಟ್ಟುಕೊಳ್ಳಿ, ಶಾಯಿ ನಿಧಾನ ಇಳಿಯುತ್ತದೆ. ನಿಬ್ಬನ್ನು ಶಾಯಿಯಲ್ಲಿ ಅದ್ದಬೇಡಿ. ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ತುಂಬಿ, ಬೇಡದ ಕಾಗದದ ಚೂರಿನ ಮೇಲೆ ಒಂದು ಗೆರೆ ಎಳೆದು ನೋಡಿ, ಆಮೇಲೆ ಪುಟಕ್ಕೆ ಇಳಿಸಿ.